ಅಮೆರಿಕಕ್ಕೆ ಹೋದ ಹಿರಿಯರ ಫೈಲು ಹುಡುಕುವುದು ಹೇಗೆ

ನಮ್ಮ ಅಜ್ಜಿಯ ತವರೂರು ಯಾವುದು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಕಡೂರು ಕಡೆಯವರು" ಅಂತ ಅಪ್ಪ ಹೇಳುತ್ತಿದ್ದರು, ಅಷ್ಟೆ. ಆ ಊರಿನ ಹೆಸರು ಕೊನೆಗೆ ಸಿಕ್ಕಿದ್ದು ಅಮೆರಿಕ ಸರ್ಕಾರ ಕಳಿಸಿದ ಒಂದು ಪಿಡಿಎಫ್‌ನಲ್ಲಿ. 1969ರಲ್ಲಿ ಅಲ್ಲಿಗೆ ಹೋಗಿ ನೆಲೆಸಿದ ದೊಡ್ಡಪ್ಪನ ವಲಸೆ ಫೈಲು ಅದು. ಅದರಲ್ಲಿದ್ದ ಒಂದು ಫಾರ್ಮಿನಲ್ಲಿ ತಾಯಿಯ ಹೆಸರು, ತಾಯಿ ಹುಟ್ಟಿದ ಊರು ಬರೆಯಲು ಜಾಗ ಇತ್ತು. ದೊಡ್ಡಪ್ಪ ಅದನ್ನು ಖಾಲಿ ಬಿಡದೆ ತುಂಬಿದ್ದರು.

ನಮ್ಮ ಮನೆಯ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರ ಹೆಸರಿದೆ. ಹೆಂಗಸರದು ಒಂದೂ ಇಲ್ಲ. ನಿಮ್ಮ ಮನೆಯದೂ ಬಹುಶಃ ಹಾಗೇ ಇರಬಹುದು. ನಾವು ಮನೆಯಲ್ಲಿ ಕೇಳದ ಪ್ರಶ್ನೆಗಳನ್ನು ವಲಸೆ ಕಚೇರಿಯವರು ಕೇಳಿದ್ದಾರೆ. ಉತ್ತರವನ್ನು ಬರೆಸಿಕೊಂಡು ಜೋಪಾನವಾಗಿ ಇಟ್ಟಿದ್ದಾರೆ. ಅದನ್ನು ತರಿಸಿಕೊಳ್ಳುವ ದಾರಿ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನೆಯ ಟ್ರಂಕು

ಕಂಪ್ಯೂಟರ್ ಮುಂದೆ ಕೂರುವ ಮೊದಲು ಮನೆಯ ಕಾಗದಗಳನ್ನು ನೋಡಿ. ಹಿರಿಯರು ಅಮೆರಿಕದಲ್ಲೇ ತೀರಿಕೊಂಡಿದ್ದರೆ ಅವರ ಮಕ್ಕಳನ್ನು ಕೇಳಿ. ನಿಮಗೆ ಬೇಕಾದದ್ದು ಮುಖ್ಯವಾಗಿ ಮೂರು.

ಒಂದು, ಪೌರತ್ವದ ಪ್ರಮಾಣಪತ್ರ. ಅದರ ಮೇಲೆ ಎರಡು ಸಂಖ್ಯೆ ಇರುತ್ತದೆ. ಒಂದು ಪ್ರಮಾಣಪತ್ರದ್ದೇ ಸಂಖ್ಯೆ. ಇನ್ನೊಂದು ಇಂಗ್ಲಿಷಿನ 'ಎ' ಅಕ್ಷರದಿಂದ ಶುರುವಾಗುವ ಸಂಖ್ಯೆ. ಇದನ್ನು ಎ-ನಂಬರ್ ಅನ್ನುತ್ತಾರೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಎ-ನಂಬರ್ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಎರಡು, ಹಳೆಯ ಗ್ರೀನ್ ಕಾರ್ಡು. ಇದರ ಮೇಲೂ ಅದೇ ಎ-ನಂಬರ್ ಇರುತ್ತದೆ.

ಮೂರು, ಹಳೆಯ ಭಾರತೀಯ ಪಾಸ್‌ಪೋರ್ಟು. ಬೇರೆ ದೇಶದ ಪೌರತ್ವ ಪಡೆದವರ ಭಾರತದ ಪೌರತ್ವ ನಮ್ಮ 1955ರ ಕಾಯ್ದೆಯ ಪ್ರಕಾರ ತಾನಾಗಿಯೇ ಹೋಗುತ್ತದೆ. ಆದರೂ ಎಷ್ಟೋ ಜನ ಆ ಪಾಸ್‌ಪೋರ್ಟನ್ನು ಎಸೆಯದೆ ಇಟ್ಟುಕೊಂಡಿರುತ್ತಾರೆ. ಅದರಲ್ಲಿ ವೀಸಾದ ಮುದ್ರೆ, ಇಳಿದ ಊರು, ಇಳಿದ ತಾರೀಖು ಸಿಗುತ್ತವೆ. ಎಫ್-1 ಅಂತಿದ್ದರೆ ಓದಲು ಹೋದವರು. ಜೆ-1 ಅಂತಿದ್ದರೆ ತರಬೇತಿ ಅಥವಾ ವಿನಿಮಯ ಕಾರ್ಯಕ್ರಮದಲ್ಲಿ ಹೋದವರು. ಆಸ್ಪತ್ರೆಗಳಲ್ಲಿ ತರಬೇತಿಗೆ ಹೋದ ಎಷ್ಟೋ ಡಾಕ್ಟರುಗಳ ಪಾಸ್‌ಪೋರ್ಟಿನಲ್ಲಿ ಈ ಜೆ-1 ಕಾಣುತ್ತದೆ.

ಟ್ರಂಕಿನಲ್ಲಿ ಏನೂ ಸಿಗಲಿಲ್ಲವೇ? ಚಿಂತೆ ಇಲ್ಲ, ಹೆಸರಿನಿಂದಲೂ ಹುಡುಕಬಹುದು. ಆದರೆ ನಮ್ಮವರ ಹೆಸರೇ ಒಂದು ದೊಡ್ಡ ತೊಡಕು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೆಸರಿನ ಗಂಟು

ಒಂದು ಕಲ್ಪಿತ ಹೆಸರು ತೆಗೆದುಕೊಳ್ಳೋಣ: ಎಚ್. ಎಸ್. ರಾಮಚಂದ್ರ. ಎಚ್ ಅಂದರೆ ಹೊಳೆನರಸೀಪುರ, ಎಸ್ ಅಂದರೆ ಅಪ್ಪ ಸುಬ್ಬರಾವ್. ಊರಲ್ಲಿ ಎಲ್ಲರಿಗೂ ಇದು ಅರ್ಥವಾಗುತ್ತದೆ. ಅಮೆರಿಕದ ಫಾರ್ಮಿನಲ್ಲಿ ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಜಾಗ. ಅಲ್ಲಿ ಇವರು ಏನು ಬರೆದಿರಬಹುದು? ರಾಮಚಂದ್ರ ಅನ್ನುವುದೇ ಕೊನೆಯ ಹೆಸರಾಗಿ, ಹೊಳೆನರಸೀಪುರ ಮೊದಲ ಹೆಸರಾಗಿರಬಹುದು. ಅಪ್ಪನ ಹೆಸರು ಕೊನೆಗೆ ಹೋಗಿ ಇವರು ಮಿಸ್ಟರ್ ಸುಬ್ಬರಾವ್ ಆಗಿರಬಹುದು. ಸುಬ್ಬ ಒಂದು ಕಡೆ, ರಾವ್ ಒಂದು ಕಡೆ ಒಡೆದು ಬರೀ ರಾವ್ ಉಳಿದಿರಬಹುದು. ಪೌರತ್ವ ಪಡೆಯುವ ದಿನ ಕೋರ್ಟಿನಲ್ಲೇ ಹೆಸರು ಬದಲಿಸಿಕೊಳ್ಳುವ ಅವಕಾಶವೂ ಇದೆ. ಹಾಗಾಗಿ ಹೋಗುವಾಗ ಒಂದು ಹೆಸರು, ಪೌರತ್ವ ಸಿಕ್ಕಾಗ ಇನ್ನೊಂದು ಹೆಸರು ಇರುವುದು ಸಾಮಾನ್ಯ.

ಆದ್ದರಿಂದ ಒಂದು ಹಾಳೆ ತೆಗೆದುಕೊಳ್ಳಿ. ಊರ ಹೆಸರು, ಅಪ್ಪನ ಹೆಸರು, ಸ್ವಂತ ಹೆಸರು, ಜಾತಿ ಅಥವಾ ಮನೆತನದ ಹೆಸರು ಬರೆಯಿರಿ. ಇವು ಯಾವ ಯಾವ ಕ್ರಮದಲ್ಲಿ ಬರಬಹುದೋ ಎಲ್ಲವನ್ನೂ ಬರೆಯಿರಿ. ಆಮೇಲೆ ಸ್ಪೆಲ್ಲಿಂಗು. ಮೂರ್ತಿಯನ್ನು ಒಂದೇ 'ಯು' ಹಾಕಿಯೂ ಬರೆಯುತ್ತಾರೆ, ಎರಡು 'ಓ' ಹಾಕಿಯೂ ಬರೆಯುತ್ತಾರೆ. ಗೌಡದಲ್ಲಿ 'ಡಬ್ಲ್ಯು' ಇರಬಹುದು, 'ಯು' ಇರಬಹುದು.

ಇಲ್ಲಿ ಒಂದು ಅನುಕೂಲ ಇದೆ. ಅಮೆರಿಕದ ಹಳೆಯ ಸೂಚಿಗಳು ಎಷ್ಟೋ ಕಡೆ ಸೌಂಡೆಕ್ಸ್ ಅನ್ನುವ ಪದ್ಧತಿಯಲ್ಲಿವೆ. ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟು, ಸ್ವರಗಳನ್ನೂ 'ಎಚ್', 'ಡಬ್ಲ್ಯು', 'ವೈ' ಅಕ್ಷರಗಳನ್ನೂ ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತಾರೆ. ಮೂರ್ತಿಯನ್ನು ಹೇಗೇ ಬರೆದರೂ ಅದು ಎಂ-630 ಆಗುತ್ತದೆ. ಗೌಡ ಹೇಗೇ ಇದ್ದರೂ ಜಿ-300. ಸ್ವರಗಳ ಗೊಂದಲವೆಲ್ಲ ಅಲ್ಲೇ ಕಳೆಯಿತು. ಆದರೆ ಮೊದಲ ಅಕ್ಷರವೇ ಬೇರೆಯಾದರೆ ಈ ಪದ್ಧತಿ ಕೈಕೊಡುತ್ತದೆ. ಕೃಷ್ಣನನ್ನು 'ಕೆ'ಯಿಂದ ಬರೆದರೆ ಒಂದು ಕಡೆ, 'ಸಿ'ಯಿಂದ ಬರೆದರೆ ಇನ್ನೊಂದು ಕಡೆ. ವೆಂಕಟೇಶನಿಗೆ 'ವಿ' ಮತ್ತು 'ಡಬ್ಲ್ಯು' ಎರಡನ್ನೂ ನೋಡಲೇಬೇಕು.

ಇನ್ನೊಂದು ಮಾತು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಬಂದವರ ಹೆಸರನ್ನು ಮನಸ್ಸಿಗೆ ಬಂದಂತೆ ಬದಲಿಸುತ್ತಿದ್ದರು ಅನ್ನುವ ಕಥೆ ಬಹಳ ಓಡಾಡುತ್ತದೆ. ಅದು ನಿಜವಲ್ಲ. ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದದ್ದು ಹಡಗು ಹೊರಡುವ ಬಂದರಿನಲ್ಲಿ. ಇಲ್ಲಿಯ ಅಧಿಕಾರಿ ಆ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆದು ವಿಚಾರಿಸುತ್ತಿದ್ದ. ಹೆಸರು ಬದಲಾಗಿದ್ದರೆ ಅದು ಹೊರಡುವ ಮೊದಲು ಆಗಿರುತ್ತದೆ, ಇಲ್ಲವೇ ನೆಲೆಸಿದ ಮೇಲೆ ಅವರೇ ಬದಲಿಸಿಕೊಂಡಿರುತ್ತಾರೆ.

ಯಾವ ಕಾಲಕ್ಕೆ ಯಾವ ಕಾಗದ

ಒಂದೊಂದು ಕಾಗದವೂ ಒಂದೊಂದು ಕಾನೂನಿನಿಂದ ಹುಟ್ಟಿದ್ದು. ನಿಮ್ಮ ಹಿರಿಯರು ಹೋದ ಕಾಲದಲ್ಲಿ ಯಾವ ಕಾನೂನಿತ್ತು ಅಂತ ತಿಳಿದುಕೊಂಡರೆ, ಯಾವ ಕಾಗದ ಇರಬೇಕು, ಯಾವುದು ಇರಲು ಸಾಧ್ಯವೇ ಇಲ್ಲ ಅಂತ ಗೊತ್ತಾಗುತ್ತದೆ. ಇಲ್ಲದ್ದನ್ನು ಸುಮ್ನೆ ತಿಂಗಳುಗಟ್ಟಲೆ ಹುಡುಕುವುದು ತಪ್ಪುತ್ತದೆ.

1906ಕ್ಕಿಂತ ಮುಂಚೆ ಅಮೆರಿಕದಲ್ಲಿ ದಾಖಲೆ ಇಡುವ ಯಾವ ಕೋರ್ಟು ಬೇಕಾದರೂ ಪೌರತ್ವ ಕೊಡಬಹುದಿತ್ತು. ಊರೂರಿನ ಕೋರ್ಟಿನಲ್ಲಿ ಚಿಕ್ಕ ಚಿಕ್ಕ ಚೀಟಿಗಳು, ಮಾಹಿತಿ ಬಹಳ ಕಡಿಮೆ. ನಿಮ್ಮ ಅಳಿಯನೋ ಸೊಸೆಯೋ ಐರ್ಲೆಂಡ್, ಇಟಲಿಯಿಂದ ಬಂದ ಮನೆತನದವರಾಗಿದ್ದರೆ ಮೊಮ್ಮಕ್ಕಳಿಗಾಗಿ ಆ ಕಡೆಯದನ್ನೂ ಹುಡುಕಬೇಕು ಅನ್ನಿಸಬಹುದು. ಆಗ ಅವರು ವಾಸವಿದ್ದ ಕೌಂಟಿಯ ಕೋರ್ಟಿನಿಂದ ಶುರು ಮಾಡಿ.

1906ರ ಸೆಪ್ಟೆಂಬರ್ 27ರಿಂದ ಎಲ್ಲ ಕಡೆ ಒಂದೇ ನಮೂನೆಯ ಫಾರ್ಮು ಬಂತು. ಮೊದಲು ಪೌರನಾಗುವ ಇರಾದೆ ತಿಳಿಸುವ ಕಾಗದ, ಕೆಲವು ವರ್ಷದ ಮೇಲೆ ಪೌರತ್ವದ ಅರ್ಜಿ, ಕೊನೆಗೆ ಪ್ರಮಾಣಪತ್ರ. ಒಂದು ಪ್ರತಿ ಕೋರ್ಟಿನಲ್ಲಿ, ಒಂದು ಪ್ರತಿ ವಾಷಿಂಗ್ಟನ್ನಿನ ಕಚೇರಿಯಲ್ಲಿ. ಹಾಗಾಗಿ ಕೋರ್ಟಿನ ಪ್ರತಿ ಸಿಗದಿದ್ದರೂ ಇನ್ನೊಂದು ಸಿಗಬಹುದು. ವಾಷಿಂಗ್ಟನ್ನಿನ ಆ ಪ್ರತಿಗಳನ್ನು ಸಿ-ಫೈಲ್ ಅನ್ನುತ್ತಾರೆ. 1956ರ ಮಾರ್ಚ್ 31ರವರೆಗೆ ಈ ಪದ್ಧತಿ ಇತ್ತು. 1929ರ ಜುಲೈಯಿಂದ ಕಾಗದಗಳ ಮೇಲೆ ಫೋಟೋ ಕೂಡ ಬಂತು. ಒಂದೂ ಫೋಟೋ ಉಳಿಯದ ಮುತ್ತಜ್ಜನ ಮುಖ ಅಲ್ಲಿ ಮೊದಲ ಸಲ ನೋಡಿದವರು ಇದ್ದಾರೆ.

ಇನ್ನು ಭಾರತೀಯರ ವಿಷಯ. ಇದು ನೋವಿನ ಕಥೆ. ಅಮೆರಿಕದ 1790ರ ಕಾನೂನು ಪೌರತ್ವವನ್ನು ಬಿಳಿಯರಿಗೆ ಮಾತ್ರ ಇಟ್ಟಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು. ನಡುವೆ ಕೆಲವು ಕೋರ್ಟುಗಳು ಭಾರತೀಯರನ್ನೂ ಬಿಳಿಯರು ಅಂತ ಎಣಿಸಿ ಪೌರತ್ವ ಕೊಟ್ಟವು. 1917ರ ಕಾನೂನು ಏಷ್ಯಾದ ಬಹುಭಾಗದಿಂದ ಜನ ಬರುವುದನ್ನೇ ತಡೆಯಿತು. 1923ರ ಫೆಬ್ರವರಿ 19ರಂದು ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಭಾರತೀಯರು ಪೌರರಾಗಲಾರರು ಅಂದಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆ ತೀರ್ಪಿನ ಮೇಲೆ, ಆಗಲೇ ಪೌರರಾಗಿದ್ದವರ ಪ್ರಮಾಣಪತ್ರವನ್ನೂ ಕಿತ್ತುಕೊಳ್ಳಲು ಸರ್ಕಾರ ಕೋರ್ಟಿಗೆ ಹೋಯಿತು.

ಹುಡುಕುವವರಿಗೆ ಇದರಿಂದ ಏನು? ನಿಮ್ಮ ಹಿರಿಯರ ಹೆಸರಿನಲ್ಲಿ 1915ರ ಒಂದು ಪೌರತ್ವ ಪತ್ರ ಸಿಕ್ಕಿ, 1930ರ ಜನಗಣತಿಯಲ್ಲಿ ಅವರು ವಿದೇಶಿ ಅಂತ ಬರೆದಿದ್ದರೆ ಗುಮಾಸ್ತ ತಪ್ಪು ಬರೆದ ಅಂದುಕೊಳ್ಳಬೇಡಿ. ಎರಡೂ ನಿಜ ಇರಬಹುದು. ನಡುವೆ ಒಂದು ಮೊಕದ್ದಮೆ ನಡೆದಿರಬಹುದು. ಆ ಮೊಕದ್ದಮೆಯ ಫೈಲನ್ನು ಫೆಡರಲ್ ಜಿಲ್ಲಾ ಕೋರ್ಟಿನ ದಾಖಲೆಗಳಲ್ಲಿ ಹುಡುಕಿ. ಅರ್ಜಿಗಿಂತ ಜಾಸ್ತಿ ವಿಷಯ ಅದರಲ್ಲಿ ಇರುತ್ತದೆ.

1946ರ ಜುಲೈ 2ರ ಕಾನೂನಿನಿಂದ ಭಾರತೀಯರಿಗೆ ಮತ್ತೆ ಪೌರತ್ವದ ಬಾಗಿಲು ತೆರೆಯಿತು. ಹೊಸದಾಗಿ ಬರುವವರಿಗೆ ಮಾತ್ರ ವರ್ಷಕ್ಕೆ ಬರೀ 100 ಜಾಗ. ದಲೀಪ್ ಸಿಂಗ್ ಸೌಂದ್ ಈ ಕಾನೂನಿನಿಂದಲೇ 1949ರಲ್ಲಿ ಪೌರರಾಗಿ 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಕೊನೆಗೆ 1965ರ ಕಾನೂನು ಬಂದು, 1968ರ ಜುಲೈಯಿಂದ ಪೂರ್ತಿ ಜಾರಿಯಾಯಿತು. ಮೈಸೂರು, ಬೆಂಗಳೂರು, ಧಾರವಾಡ, ಮಣಿಪಾಲದಲ್ಲಿ ಓದಿದ ಡಾಕ್ಟರು, ಎಂಜಿನಿಯರುಗಳು ಗುಂಪಾಗಿ ಹೊರಟದ್ದು ಆಮೇಲೆಯೇ. ಹಾಗಾಗಿ ಹೆಚ್ಚಿನ ಕನ್ನಡಿಗರು ಹುಡುಕಬೇಕಾದದ್ದು ಈ ಕಾಲದ ಕಾಗದ, ಅಂದರೆ ಎ-ಫೈಲ್. ಒಬ್ಬರ ವಲಸೆಯ ಕಾಗದಗಳನ್ನೆಲ್ಲ ಅವರ ಎ-ನಂಬರ್ ಹಾಕಿ ಕೂಡಿಟ್ಟ ಫೈಲು ಅದು.

ಹೆಂಗಸರ ಬಗ್ಗೆ ಒಂದು ಮಾತು. 1922ರ ಸೆಪ್ಟೆಂಬರ್‌ವರೆಗೆ ಅಮೆರಿಕದಲ್ಲಿ ಗಂಡನ ಪೌರತ್ವವೇ ಹೆಂಡತಿಯದು. ಆದ್ದರಿಂದ ಅದಕ್ಕೂ ಹಿಂದಿನ ಮದುವೆಯಾದ ಹೆಂಗಸಿನ ಹೆಸರಿನಲ್ಲಿ ಬೇರೆ ಅರ್ಜಿ ಸಿಗುವುದು ಅಪರೂಪ. ಮಕ್ಕಳದೂ ಹಾಗೇ. ಅಪ್ಪ ಅಮ್ಮ ಪೌರರಾದಾಗ ಚಿಕ್ಕ ಮಕ್ಕಳು ಅವರ ಜೊತೆಗೇ ಪೌರರಾಗುತ್ತಾರೆ.

ಮನೆಯಿಂದಲೇ ನೋಡಬಹುದಾದವು

1950ರ ದಶಕಕ್ಕಿಂತ ಮುಂಚೆ ಹೋದವರಾದರೆ ಫ್ಯಾಮಿಲಿಸರ್ಚ್ ಅನ್ನುವ ಉಚಿತ ಜಾಲತಾಣದಿಂದ ಶುರು ಮಾಡಿ. ಒಂದು ಖಾತೆ ತೆರೆದರೆ ಸಾಕು. ಹಡಗಿನ ಪಟ್ಟಿ, ಜನಗಣತಿ, ಪೌರತ್ವದ ಸೂಚಿ ಎಲ್ಲ ಸಿಗುತ್ತವೆ. ನ್ಯೂಯಾರ್ಕಿಗೆ ಬಂದವರನ್ನು ಎಲ್ಲಿಸ್ ದ್ವೀಪದ ಜಾಲತಾಣದಲ್ಲೂ ಹುಡುಕಬಹುದು. ಆದರೆ ಆ ಕಾಲದ ಭಾರತೀಯರಲ್ಲಿ ಬಹಳ ಜನ ಇಳಿದದ್ದು ಪಶ್ಚಿಮ ಕರಾವಳಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ, ಸಿಯಾಟಲ್ ಕಡೆ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ಜನರನ್ನು ತಡೆದು ವಿಚಾರಿಸುತ್ತಿದ್ದರು. ಆ ವಿಚಾರಣೆಯ ಫೈಲುಗಳು ಅಮೆರಿಕ ಸರ್ಕಾರದ ಹಳೆಯ ದಾಖಲೆಗಳನ್ನು ಇಡುವ ನ್ಯಾಷನಲ್ ಆರ್ಕೈವ್ಸ್‌ನ ಸ್ಯಾನ್ ಬ್ರೂನೋ ಶಾಖೆಯಲ್ಲಿವೆ.

ಜನಗಣತಿಯಲ್ಲಿ ಎರಡು ವಿಷಯ ಗಮನಿಸಿ. 1900ರಿಂದ 1930ರವರೆಗಿನ ಗಣತಿಗಳಲ್ಲಿ ಬಂದ ವರ್ಷ ಮತ್ತು ಪೌರತ್ವದ ಸ್ಥಿತಿ ಎರಡಕ್ಕೂ ಜಾಗ ಇದೆ. 'ಎನ್‌ಎ' ಅಂದರೆ ಪೌರರಾದವರು. 'ಪಿಎ' ಅಂದರೆ ಮೊದಲ ಕಾಗದ, ಅಂದರೆ ಇರಾದೆ ತಿಳಿಸುವ ಕಾಗದ ಹಾಕಿದವರು. 'ಎಎಲ್' ಅಂದರೆ ವಿದೇಶಿ. 1920ರ ಗಣತಿಯಲ್ಲಿ ಪೌರರಾದ ವರ್ಷವನ್ನೇ ಕೇಳಿದ್ದಾರೆ. ಎರಡನೆಯದು, ಆಗ 'ಹಿಂದೂ' ಅನ್ನುವುದನ್ನು ಜನಾಂಗದ ಹೆಸರಾಗಿ ಬರೆಯುತ್ತಿದ್ದರು. ಸಿಖ್ಖರು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಅಲ್ಲಿ ಹಿಂದೂಗಳೇ. ಅದನ್ನು ಧರ್ಮ ಅಂತ ಓದಬೇಡಿ. ಗಣತಿಯ ಹಾಳೆಗಳು 72 ವರ್ಷದ ಮೇಲೆ ಹೊರಬರುತ್ತವೆ. ಈಗ 1950ರವರೆಗಿನವು ನೋಡಲು ಸಿಗುತ್ತವೆ.

ಎ-ಫೈಲ್ ತರಿಸುವುದು

1940ರಲ್ಲಿ ಅಮೆರಿಕ ತನ್ನ ನೆಲದಲ್ಲಿದ್ದ 14 ವರ್ಷ ದಾಟಿದ ವಿದೇಶಿಗರೆಲ್ಲ ಹೆಸರು ನೋಂದಾಯಿಸಬೇಕು ಅಂದಿತು. ಜನ ಪೋಸ್ಟ್ ಆಫೀಸಿಗೆ ಹೋಗಿ ಬೆರಳಚ್ಚು ಕೊಟ್ಟು ಬರುತ್ತಿದ್ದರು. ಎ-ನಂಬರ್ ಹುಟ್ಟಿದ್ದು ಅಲ್ಲಿಂದ. 1944ರ ಏಪ್ರಿಲ್‌ನಿಂದ ಒಬ್ಬೊಬ್ಬರ ಕಾಗದಗಳನ್ನೂ ಒಂದೊಂದು ಫೈಲಿನಲ್ಲಿ ಕೂಡಿಡಲು ಶುರು ಮಾಡಿದರು. 1956ರ ಏಪ್ರಿಲ್‌ನಿಂದ ಪೌರತ್ವದ ಕಾಗದವೂ ಅದರೊಳಗೇ ಸೇರಿತು. ಈ ಫೈಲುಗಳ ದೊಡ್ಡ ಉಗ್ರಾಣ ಮಿಸೌರಿ ರಾಜ್ಯದ ಲೀಸ್ ಸಮಿಟ್ ಅನ್ನುವ ಊರಲ್ಲಿ, ನೆಲದಡಿಯ ಸುಣ್ಣಕಲ್ಲಿನ ಗವಿಗಳಲ್ಲಿದೆ.

ಕೇಳುವ ದಾರಿ ಎರಡು. ಹಳೆಯ ಕಾಗದ, ಅಂದರೆ ಸಿ-ಫೈಲ್ ಮತ್ತು 80 ಲಕ್ಷಕ್ಕಿಂತ ಕಡಿಮೆ ಸಂಖ್ಯೆಯ ಎ-ಫೈಲುಗಳಲ್ಲಿ 1951ರ ಮೇ ತಿಂಗಳಿಗಿಂತ ಹಿಂದಿನ ಕಾಗದ ಬೇಕಿದ್ದರೆ, ಯು.ಎಸ್.ಸಿ.ಐ.ಎಸ್. ಅನ್ನುವ ವಲಸೆ ಇಲಾಖೆಯ ವಂಶಾವಳಿ ವಿಭಾಗಕ್ಕೆ ಬರೆಯಬೇಕು. ಸಂಖ್ಯೆ ಗೊತ್ತಿಲ್ಲದಿದ್ದರೆ ಮೊದಲು ಸೂಚಿಯಲ್ಲಿ ಹುಡುಕಿಸಿ, ಆಮೇಲೆ ಫೈಲು ಕೇಳಬೇಕು. ಎರಡಕ್ಕೂ ಬೇರೆ ಬೇರೆ ಶುಲ್ಕ. ಮೊತ್ತ ಬದಲಾಗುತ್ತಿರುತ್ತದೆ, ಕಟ್ಟುವ ದಿನ ಅವರ ಜಾಲತಾಣದಲ್ಲೇ ನೋಡಿಕೊಳ್ಳಿ.

1965ರ ಮೇಲೆ ಹೋದವರ ಫೈಲಿಗೆ ಇನ್ನೊಂದು ದಾರಿ. ನಮ್ಮಲ್ಲಿ ಆರ್‌ಟಿಐ ಇದ್ದ ಹಾಗೆ ಅಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಇದೆ, 'ಫೋಯಾ' ಅನ್ನುತ್ತಾರೆ. ಅದೇ ಇಲಾಖೆಯ ಜಾಲತಾಣದಲ್ಲಿ ಖಾತೆ ತೆರೆದು ಅರ್ಜಿ ಹಾಕಬಹುದು. ಹಿರಿಯರು ಬದುಕಿದ್ದರೆ ಅವರ ಸಹಿ ಮಾಡಿದ ಒಪ್ಪಿಗೆ ಬೇಕು. ದಯವಿಟ್ಟು ಈಗಲೇ ಅವರ ಪಕ್ಕ ಕೂತು ಅರ್ಜಿ ತುಂಬಿ. ಫೈಲು ಬಂದ ಮೇಲೆ ಅದರ ಅರ್ಥ ಹೇಳಲು ಅವರೇ ಇರುತ್ತಾರೆ. ನಮಗೆ ಆ ಭಾಗ್ಯ ಇರಲಿಲ್ಲ. ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಲಗತ್ತಿಸಿ. ಹುಟ್ಟಿ 100 ವರ್ಷ ದಾಟಿದ್ದರೆ ಅದೂ ಬೇಡ.

ಅರ್ಜಿಯಲ್ಲಿ ಎ-ನಂಬರ್, ಬಳಸಿದ ಎಲ್ಲ ಹೆಸರುಗಳು, ಹುಟ್ಟಿದ ತಾರೀಖು, ಹುಟ್ಟಿದ ದೇಶ, ಅಪ್ಪ ಅಮ್ಮನ ಹೆಸರು, ಅಮೆರಿಕಕ್ಕೆ ಬಂದ ಅಂದಾಜು ವರ್ಷ ಬರೆಯಿರಿ. 'ಪೂರ್ತಿ ಎ-ಫೈಲ್, ಎಲ್ಲ ಪುಟಗಳು' ಅಂತ ಸ್ಪಷ್ಟವಾಗಿ ಕೇಳಿ. ಬರೀ ಪೌರತ್ವದ ಅರ್ಜಿ ಕೇಳಿದರೆ ಅಷ್ಟೇ ಕೊಡುತ್ತಾರೆ. ಬದುಕಿರುವ ಬೇರೆಯವರ ವಿವರಗಳನ್ನು ಮುಚ್ಚಿ ಕಳಿಸುತ್ತಾರೆ. ಮುಚ್ಚಿದ್ದು ಸರಿಯಿಲ್ಲ ಅನ್ನಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು.

ಇನ್ನೊಂದು ಪ್ರತಿಯ ವಿಚಾರ. 1991ರವರೆಗೆ ಪೌರತ್ವ ಕೊಡುತ್ತಿದ್ದದ್ದು ಕೋರ್ಟುಗಳೇ. ದೊಡ್ಡಪ್ಪನಂತೆ 1970ರ ದಶಕದಲ್ಲಿ ಪೌರರಾದವರ ಅರ್ಜಿ ಫೆಡರಲ್ ಕೋರ್ಟಿನ ಹಳೆಯ ಕಾಗದಗಳ ಜೊತೆ ನ್ಯಾಷನಲ್ ಆರ್ಕೈವ್ಸ್‌ನ ಪ್ರಾದೇಶಿಕ ಶಾಖೆಯಲ್ಲೂ ಇರಬಹುದು. ಆದರೆ ಆ ಕಾಲದ ಅರ್ಜಿಯಲ್ಲಿ ವಿಷಯ ಕಡಿಮೆ. ನನ್ನ ಅನುಭವದಲ್ಲಿ ಮನೆತನದ ಕಥೆ ಸಿಗುವುದು ಎ-ಫೈಲಿನಲ್ಲೇ.

ಬಂದ ಫೈಲನ್ನು ಓದುವುದು

ಮೊದಲು ಜಿ-325 ಅನ್ನುವ ಫಾರ್ಮನ್ನು ಹುಡುಕಿ. ಅರ್ಜಿದಾರರ ಜೀವನ ವಿವರದ ಹಾಳೆ ಅದು. ಅಪ್ಪ, ಅಮ್ಮ ಇಬ್ಬರದೂ ಹೆಸರು, ಹುಟ್ಟಿದ ತಾರೀಖು, ಹುಟ್ಟಿದ ಊರು, ಈಗಿರುವ ಊರು, ತಾಯಿಯ ಮದುವೆಗೆ ಮುಂಚಿನ ಹೆಸರು ಎಲ್ಲವನ್ನೂ ಕೇಳುತ್ತದೆ. ಐದು ವರ್ಷದ ವಿಳಾಸಗಳು, ಕೆಲಸಗಳು ಕೂಡ ಅಲ್ಲೇ ಇರುತ್ತವೆ. ಅಜ್ಜಿಯ ತವರೂರು ನನಗೆ ಸಿಕ್ಕಿದ್ದು ಈ ಹಾಳೆಯಲ್ಲಿ.

ಆಮೇಲೆ ಜನನದ ದಾಖಲೆ. ನಮ್ಮಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಬಹಳ ಜನರ ಹತ್ತಿರ ಜನನ ಪತ್ರ ಇರಲಿಲ್ಲ. ಅದರ ಬದಲು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು ಮತ್ತು ಹಿರಿಯರ ಅಫಿಡವಿಟ್ಟು ಕೊಡುತ್ತಿದ್ದರು. ಈ ಅಫಿಡವಿಟ್ಟು ಚಿನ್ನದಂಥ ಕಾಗದ. ಯಾವ ಊರಲ್ಲಿ, ಯಾರ ಮನೆಯಲ್ಲಿ ಹೆರಿಗೆಯಾಯಿತು, ಸಹಿ ಹಾಕಿದವರು ಏನಾಗಬೇಕು, ಎಲ್ಲ ಅದರಲ್ಲಿ ಇರುತ್ತದೆ. ದೊಡ್ಡಪ್ಪನ ಫೈಲಿನ ಅಫಿಡವಿಟ್ಟು ಕೊಟ್ಟವರು ಅಜ್ಜಿಯೇ. ಕೆಳಗೆ ಅವರ ಎಡಗೈ ಹೆಬ್ಬೆಟ್ಟಿನ ಗುರುತು ಇತ್ತು. ಊರು ಬಿಟ್ಟು ಹೊರಗೆ ಹೋಗದ ಅಜ್ಜಿಯ ಬೆರಳಿನ ಗೆರೆ ಅಷ್ಟು ದೂರದ ಗವಿಯಲ್ಲಿ ಉಳಿದಿತ್ತು. ನಾನು ಬಹಳ ಹೊತ್ತು ಆ ಪುಟ ಮುಂದೆ ಸರಿಸಲಿಲ್ಲ.

ತಾರೀಖಿನಲ್ಲಿ ಎಚ್ಚರ ಇರಲಿ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ಅವರ 4/7/1938 ಅಂದರೆ ಏಪ್ರಿಲ್ 7. ಮದ್ರಾಸಿನಲ್ಲೋ ಬೆಂಗಳೂರಿನಲ್ಲೋ ಟೈಪ್ ಮಾಡಿದ ಕಾಗದದಲ್ಲಿ ಅದೇ ಜುಲೈ 4. ಇನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆಸಿದ ತಾರೀಖೇ ಎಷ್ಟೋ ಜನರಿಗೆ ಖಾಯಂ ಆಗಿದೆ. ಮನೆಯಲ್ಲಿ ಜಾತಕ ಇದ್ದರೆ ಹೋಲಿಸಿ ನೋಡಿ. ಬಹುಧಾನ್ಯ ಸಂವತ್ಸರ ಅಂತಿದ್ದರೆ 1938ರ ಯುಗಾದಿಯಿಂದ ಮುಂದಿನ ಯುಗಾದಿವರೆಗಿನ ವರ್ಷ. ಅದೇ ಹೆಸರು ಮತ್ತೆ ಬಂದದ್ದು 60 ವರ್ಷದ ಮೇಲೆ, 1998ರಲ್ಲಿ. ಹಾಗಾಗಿ ವರ್ಷ ಹಿಡಿಯುವುದು ಕಷ್ಟವಲ್ಲ.

ಊರಿನ ವಿಚಾರದಲ್ಲೂ ಹಾಗೇ. 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯದ ಹೆಸರು ಮೈಸೂರು. ಫೈಲಿನಲ್ಲಿ 'ಮೈಸೂರು' ಅಂತಿದ್ದರೆ ಅದು ಪಟ್ಟಣವೋ ರಾಜ್ಯವೋ ನೋಡಬೇಕು. 1956ಕ್ಕೆ ಮುಂಚೆ ಧಾರವಾಡ, ಬೆಳಗಾವಿ ಮುಂಬಯಿಗೆ ಸೇರಿದ್ದವು. ಮಂಗಳೂರು ಮದ್ರಾಸಿಗೆ, ಕಲಬುರಗಿ ಮತ್ತು ರಾಯಚೂರು ಹೈದರಾಬಾದಿಗೆ. 'ಹುಟ್ಟಿದ್ದು ಬಾಂಬೆ' ಅಂತ ಓದಿ ಮುಂಬಯಿಯ ಗಲ್ಲಿಯಲ್ಲಿ ಹುಡುಕುತ್ತಾ ಕೂರಬೇಡಿ. ಹುಬ್ಬಳ್ಳಿ ಪಕ್ಕದ ಹಳ್ಳಿ ಇರಬಹುದು.

ಕಾಗದದಿಂದ ಊರಿಗೆ

ಊರಿನ ಹೆಸರು ಸಿಕ್ಕ ಮೇಲೆ ಅಲ್ಲಿಗೆ ಹೋಗಲೇಬೇಕು. ಆ ಊರಿನ ಹಳೆಯ ಪ್ರೈಮರಿ ಶಾಲೆಯ ದಾಖಲಾತಿ ಪುಸ್ತಕ ನೋಡಲು ಕೇಳಿ. ಹೆಡ್‌ಮಾಸ್ಟರಿಗೆ ಒಂದು ಪತ್ರ ಬರೆದುಕೊಂಡು ಹೋದರೆ ಒಳ್ಳೆಯದು. ಜಮೀನಿದ್ದ ಮನೆತನವಾದರೆ ತಾಲ್ಲೂಕು ಕಚೇರಿಯಲ್ಲಿ ಹಳೆಯ ಪಹಣಿ, ಮ್ಯುಟೇಶನ್ ಕೇಳಿ. ಅಪ್ಪನಿಂದ ಮಗನಿಗೆ ಖಾತೆ ಬದಲಾದ ವರ್ಷ ಸಿಕ್ಕರೆ ಹಿರಿಯರು ತೀರಿಕೊಂಡ ಕಾಲವೂ ಅಂದಾಜಾಗುತ್ತದೆ. ಉತ್ತರ ಕರ್ನಾಟಕದ ಕಡೆಯವರಾದರೆ ಹೆಳವರು ಬರುವ ಕಾಲ ಯಾವುದು ಅಂತ ಊರಲ್ಲಿ ವಿಚಾರಿಸಿ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು ಮನೆ ಮುಂದೆ ನಿಂತು ವಂಶಾವಳಿ ಹೇಳುವವರು ಅವರು. ತಲೆಮಾರುಗಳಿಂದ ಬರೆದಿಟ್ಟ ಪುಸ್ತಕ ಅವರ ಹತ್ತಿರ ಇರುತ್ತದೆ. ಅಮೆರಿಕದ ಫೈಲಿನ ಹೆಸರನ್ನು ಅವರ ಮುಂದೆ ಓದಿ.

ನಾನು ಜಿ-325ರ ಆ ಪುಟದ ಪ್ರತಿ ಹಿಡಿದುಕೊಂಡು ಹೋದ ಊರು ತರೀಕೆರೆ ತಾಲ್ಲೂಕಿನಲ್ಲಿದೆ. ಅಪ್ಪ ಹೇಳುತ್ತಿದ್ದ ಕಡೂರಿಗೆ ಅದು ಪಕ್ಕದ ತಾಲ್ಲೂಕು. ದೇವಸ್ಥಾನದ ಜಗುಲಿಯ ಮೇಲೆ ಕೂತಿದ್ದ ಎಂಬತ್ತು ದಾಟಿದ ಒಬ್ಬ ಯಜಮಾನರಿಗೆ ಅಜ್ಜಿಯ ಹೆಸರು, ಅವರ ಅಪ್ಪನ ಹೆಸರು ಹೇಳಿದೆ. ಅವರು ನನ್ನ ಮುಖ ನೋಡಿದರು. "ಕೆರೆ ಕೆಳಗಿನ ಮನೆಯವರಾ? ಆ ಹುಡುಗಿಯನ್ನ ಎಲ್ಲಿಗೆ ಕೊಟ್ಟರು ಅಂತ ನಮ್ಮ ಅಮ್ಮ ಕೇಳ್ತಾನೇ ಇದ್ದಳು" ಅಂದರು. ಆಮೇಲೆ ಕೋಲು ತೆಗೆದುಕೊಂಡು ಎದ್ದು, ಆ ಮನೆ ತೋರಿಸಲು ನನ್ನ ಮುಂದೆ ಮುಂದೆ ನಡೆದರು.